ಕಿರುಹೊಳೆಯೂ ಕಾವ್ಯವೂ: ಲೋಕಪಾವನಿಯ ಪಾತ್ರ

ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ಪಾಂಡವಪುರದ ನೆಲವನ್ನು ತೆಂಕಮುಖವಾಗಿ ಹಾದು, ಶ್ರೀರಂಗಪಟ್ಟಣಕ್ಕೆ ಕೆಳಗಡೆ ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಕೂಡಿಕೊಳ್ಳುವ ಲೋಕಪಾವನಿ ಎಂಬ ಹೊಳೆಯ ಹೆಸರನ್ನು ಕನ್ನಡ ಕಾವ್ಯದ ಅಭ್ಯಾಸಿಗಳು ಕೇಳಿರುವುದು ವಿರಳ. ಹೆಸರೇನೋ ದೊಡ್ಡದು, ಲೋಕವನ್ನೆಲ್ಲ ಪಾವನಗೊಳಿಸುವವಳು ಎಂಬ ಅರ್ಥವುಳ್ಳದ್ದು. ಹರಿವು ಮಾತ್ರ ಕಿರಿದು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯೂ ರೈಲುಹಾದಿಯೂ ಶ್ರೀರಂಗಪಟ್ಟಣವನ್ನು ಮುಟ್ಟುವ ಮುನ್ನ ಈ ಹೊಳೆಯನ್ನು ದಾಟುತ್ತವೆ. ದಾಟಿದೆವೆಂಬ ಎಚ್ಚರ ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಇರುವುದಿಲ್ಲ, ಅವರ ಕಣ್ಣು ಆಗಲೇ ಮುಂದೆ ಕಾಣಲಿರುವ ಕಾವೇರಿಯನ್ನು ಹುಡುಕುತ್ತಿರುತ್ತದೆ. ಪ್ರಯಾಣಿಕರ ಈ ಅವಜ್ಞೆಯೇ ಕವಿಗಳ ಅವಜ್ಞೆಯೂ ಆಗಿದೆಯೆ, ಆಗಿದ್ದರೆ ಅದು ಕವಿಗಳ ದೋಷವೋ, ಹೊಳೆಯ ಸ್ವಭಾವದ ಫಲವೋ, ಅಥವಾ ಕನ್ನಡದವರು ಕಾವ್ಯವೆಂದು ಎಣಿಸಿಕೊಂಡ ವಸ್ತುವಿನ ಇಕ್ಕಟ್ಟೋ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಮೊದಲು ಲಕ್ಷಣಗ್ರಂಥದ ಕಡೆಗೆ ನೋಡಬಹುದು. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳೇ ಕನ್ನಡದಲ್ಲಿ ಅಷ್ಟಾದಶವರ್ಣನೆಗಳೆಂದು ಪ್ರಸಿದ್ಧವಾದವು. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮೊದಲಾಗಿ ಸಾಗುವ ಆ ಪಟ್ಟಿಯಲ್ಲಿ ಒಂದು ಸಂಗತಿ ಗಮನಾರ್ಹವಾಗಿದೆ. ಸಮುದ್ರಕ್ಕೆ ಅಲ್ಲಿ ಸ್ಥಾನವುಂಟು, ಬೆಟ್ಟಕ್ಕೆ ಉಂಟು, ನೀರಾಟಕ್ಕೂ ಉಂಟು. ನದಿಗೆ ಪ್ರತ್ಯೇಕವಾದ ಸ್ಥಾನವಿಲ್ಲ. ಕಡಲನ್ನು ಕಣ್ಣಾರೆ ಕಾಣದ ಒಳನಾಡಿನ ಕವಿಯೂ ವಿಧಿಯನ್ನು ಮನ್ನಿಸಿ ಕಡಲನ್ನು ವರ್ಣಿಸಿದನು. ಮನೆಯ ಹಿಂದಣ ಹಳ್ಳವನ್ನು ವರ್ಣಿಸಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಹಾಗೆಂದು ಕನ್ನಡ ಕಾವ್ಯಗಳಲ್ಲಿ ನದೀವರ್ಣನೆಯೇ ಇಲ್ಲವೆಂದು ಹೇಳಬಂದುದಲ್ಲ. ಕನ್ನಡನಾಡಿನ ಎಲ್ಲೆಯನ್ನೇ ಕಾವೇರಿ ಗೋದಾವರಿಗಳೆಂಬ ಎರಡು ನದಿಗಳಿಂದ ಗುರುತಿಸಿದ ಕವಿರಾಜಮಾರ್ಗದ ಕಾಲದಿಂದಲೂ ನದಿಯ ಹೆಸರಿಗೆ ಕನ್ನಡದಲ್ಲಿ ಗೌರವವಿದೆ. ಆದರೆ ಆ ಗೌರವ ಮಹಾನದಿಗಳದು. ಗಂಗೆ, ಗೋದಾವರಿ, ತುಂಗಭದ್ರೆ, ಕಾವೇರಿ ಇವುಗಳ ಪಂಕ್ತಿಗೆ ಬಾರದ ಹೊಳೆಯು ಕಾವ್ಯದೊಳಕ್ಕೆ ಬಂದರೆ ತನ್ನ ಹೆಸರನ್ನು ಹೊರಗೆ ಬಿಟ್ಟೇ ಬರಬೇಕು. ಒಳಗೆ ಅದು ಬರಿಯ ‘ತೊರೆ’.

ಇಂಗ್ಲಿಷ್ ಕಾವ್ಯದ ನಡೆ ಈ ವಿಷಯದಲ್ಲಿ ಬೇರೆ. ಡ್ರೇಟನ್ ಎಂಬ ಕವಿ 1612ರಲ್ಲಿ ಮೊದಲ ಭಾಗವನ್ನೂ 1622ರಲ್ಲಿ ಮುಂದಿನ ಭಾಗವನ್ನೂ ಪ್ರಕಟಿಸಿದ ‘ಪಾಲಿ ಆಲ್ಬಿಯನ್’ ಎಂಬ ಬೃಹತ್ಕಾವ್ಯದಲ್ಲಿ ತನ್ನ ದೇಶವನ್ನು ಹೊಳೆಹೊಳೆಯಾಗಿಯೇ ವರ್ಣಿಸಿದನು. ಕೋಲ್‌ರಿಜ್ ಬಾಲ್ಯದಲ್ಲಿ ಆಡಿದ ಆಟರ್ ಎಂಬ ಸಣ್ಣ ಹೊಳೆಗೆ ಒಂದು ಸಾನೆಟ್ಟನ್ನು ಅರ್ಪಿಸಿದನು. ವರ್ಡ್ಸ್‌ವರ್ತ್ 1820ರಲ್ಲಿ ಡಡನ್ ಎಂಬ, ಹದಿನೈದು ಹದಿನಾರು ಮೈಲಿಗಿಂತ ಹೆಚ್ಚು ಉದ್ದವಿಲ್ಲದ ಹೊಳೆಯನ್ನು ಹುಟ್ಟಿನಿಂದ ಕಡಲಿನವರೆಗೆ ಹಿಂಬಾಲಿಸಿ ಸಾನೆಟ್ಟುಗಳ ಒಂದು ಮಾಲೆಯನ್ನೇ ಹೊರಡಿಸಿದನು. ಟೆನಿಸನ್ 1855ರಲ್ಲಿ ಪ್ರಕಟಿಸಿದ ಕವಿತೆಯೊಂದರಲ್ಲಿ ಹಳ್ಳವು ತನ್ನ ಬಾಯಿಂದಲೇ ತನ್ನ ನಿರಂತರತೆಯನ್ನು ಹೇಳಿಕೊಳ್ಳುತ್ತದೆ. ಬೇರೆ ದೇಶದವರಾರೂ ಕೇಳದಿದ್ದ ಈ ನೀರುಗಳ ಹೆಸರು ಕನ್ನಡನಾಡಿನ ಕಾಲೇಜುಗಳಲ್ಲಿಯೂ ಓದಿದವರ ಬಾಯಲ್ಲಿ ಬಂದಿತು. ಡಡನ್ನಿನ ಹೆಸರು ಬಲ್ಲ, ಲೋಕಪಾವನಿಯ ಹೆಸರು ಅರಿಯದ ಪದವೀಧರರು ಮಂಡ್ಯ ಜಿಲ್ಲೆಯಲ್ಲಿಯೇ ಇದ್ದಿದ್ದರೆ ಆಶ್ಚರ್ಯವಿಲ್ಲ.

ಈ ಪರಿಚಯದ ಒಂದು ಫಲ ಇಂದಿಗೂ ಶಾಲೆಗಳಲ್ಲಿ ಉಳಿದಿದೆ. ‘ನದಿಯ ಆತ್ಮಕಥೆ’ ಎಂಬ ಪ್ರಬಂಧವನ್ನು ಬರೆಯದೆ ಕನ್ನಡದ ಹುಡುಗನಾಗಲಿ ಹುಡುಗಿಯಾಗಲಿ ಮೇಲಿನ ತರಗತಿಗೆ ಹೋಗುವುದು ಅಪರೂಪ. ಆ ಪ್ರಬಂಧದ ನದಿಯು ಎತ್ತರವಾದ ಪರ್ವತದಲ್ಲಿ ಹುಟ್ಟುತ್ತದೆ, ಬಂಡೆಯಿಂದ ಬಂಡೆಗೆ ಧುಮುಕುತ್ತದೆ, ಬಯಲಿನಲ್ಲಿ ಗಂಭೀರವಾಗುತ್ತದೆ, ಕೊನೆಗೆ ಸಾಗರದಲ್ಲಿ ಲೀನವಾಗುತ್ತದೆ. ನಾಗಮಂಗಲದ ಮಗುವೂ ಇದನ್ನೇ ಬರೆಯುತ್ತದೆ. ಆ ಮಗು ದಿನವೂ ಕಾಣುವ ನೀರು ಪರ್ವತದಲ್ಲಿ ಹುಟ್ಟಿದುದಲ್ಲ, ಧುಮುಕುವುದಿಲ್ಲ, ವರ್ಷದ ಬಹುಭಾಗ ಹರಿಯುವುದೂ ಇಲ್ಲ, ಕಡಲನ್ನಂತೂ ಸ್ವಂತ ಹೆಸರಿನಿಂದ ಮುಟ್ಟುವುದೇ ಇಲ್ಲ. ಪ್ರಬಂಧಕ್ಕೆ ಅಂಕಗಳು ದೊರೆಯುತ್ತವೆ. ಊರ ಮುಂದಣ ಹೊಳೆಯು ‘ನದಿ’ ಎಂಬ ಶಬ್ದದ ಅರ್ಥಕ್ಕೆ ಸೇರಿದುದಲ್ಲವೆಂಬ ಪಾಠವೂ ಅದರೊಡನೆ ದೊರೆಯುತ್ತದೆ. ಉಪಾಧ್ಯಾಯರು ಯೋಚಿಸಬೇಕಾದ ವಿಷಯವಿದು. ಸಾಹಿತ್ಯವು ಕಣ್ಣನ್ನು ತೆರೆಯಿಸುವುದಕ್ಕೆ ಬದಲು ಮುಚ್ಚಿಸುವ ಸಂದರ್ಭಗಳಲ್ಲಿ ಇದೊಂದು.

ಹಾಗಾದರೆ ಲೋಕಪಾವನಿಯ ನಿಜವಾದ ನಡೆ ಎಂಥದು? ಅದು ಹುಟ್ಟುವ ಸೀಮೆಯಲ್ಲಿ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಾತ್ರ. ಆ ಮಳೆಯೂ ಮಲೆನಾಡಿನಂತೆ ಆಷಾಢ ಶ್ರಾವಣಗಳಲ್ಲಿ ಎಡೆಬಿಡದೆ ಸುರಿಯುವುದಲ್ಲ. ಮುಂಗಾರಿಗೆ ಮುಂಚಿನ ಗುಡುಗಿನ ಮಳೆ ಒಂದು ಸರದಿ, ಹಿಂಗಾರಿನ ಹೊಸ್ತಿಲಲ್ಲಿ ಮತ್ತೊಂದು ಸರದಿ, ಹೀಗೆ ಎರಡು ಉಸಿರಿನಲ್ಲಿ ಬೀಳುತ್ತದೆ. ಇಂಥ ನೆಲದಲ್ಲಿ ಬಿದ್ದ ನೀರನ್ನು ಹರಿಯಗೊಟ್ಟರೆ ಬಾಳಿಲ್ಲ. ಆದಕಾರಣ ಹಿರಿಯರು ಹಳ್ಳಹಳ್ಳಕ್ಕೂ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೆಳಗಿನದು ಕೋಡಿ ಬಿದ್ದರೆ ಅದರ ಮುಂದಿನದಕ್ಕೆ. ಹೀಗೆ ಕೆರೆಗಳ ಸರವನ್ನು ಪೋಣಿಸಿರುವ ನೂಲೇ ಹೊಳೆ. ಒಳ್ಳೆಯ ಮಳೆಗಾಲದಲ್ಲಿ ನೂಲು ಕಾಣುತ್ತದೆ. ಕೆಟ್ಟ ವರ್ಷದಲ್ಲಿ ಮಣಿಗಳು ಮಾತ್ರ ಕಾಣುತ್ತವೆ, ಕೆಲವು ಸಲ ಅವೂ ಬರಿದಾಗಿರುತ್ತವೆ. ಬೇಸಗೆಯಲ್ಲಿ ಮರಳನ್ನು ಕೆದಕಿ ಒರತೆ ತೆಗೆದಾಗಲಷ್ಟೆ ಹೊಳೆಯು ಇದೆಯೆಂಬುದಕ್ಕೆ ಸಾಕ್ಷಿ. ಕೆಳಗಿನ ಪಾತ್ರದ ಸ್ಥಿತಿ ಈಗ ಬೇರೆ. ಕೃಷ್ಣರಾಜಸಾಗರದಿಂದ ಹೊರಟು ಮಂಡ್ಯದ ಕಡೆಗೆ ಸಾಗುವ, ಮೊದಲಿಗೆ ಅರ್ವಿನ್ ನಾಲೆಯೆಂದು ಹೆಸರಾಗಿದ್ದ ವಿಶ್ವೇಶ್ವರಯ್ಯ ನಾಲೆಯು ಈ ಹೊಳೆಯನ್ನು ಅಡ್ಡಹಾಯುತ್ತದೆ. ನಾಲೆಯ ಗದ್ದೆಗಳ ಬಸಿನೀರು ಹೊಳೆಗೆ ಇಳಿಯುತ್ತದೆ. ಕೊಡಗಿನಲ್ಲಿ ಬಿದ್ದ ಮಳೆಯು ಹೀಗೆ ಬಳಸಿ ಬಂದು ನಾಗಮಂಗಲದ ಹೊಳೆಯ ಹೆಸರಿನಲ್ಲಿ ಮತ್ತೆ ಕಾವೇರಿಯನ್ನು ಸೇರುತ್ತದೆ. ಕವಿಸಮಯಗಳಲ್ಲಿ ಇದಕ್ಕೆ ಜಾಗವಿಲ್ಲ.

ಡಡನ್ನಿನ ಮಾದರಿಯು ಇಲ್ಲಿ ಏಕೆ ನಿಲ್ಲದೆಂಬುದು ಇದರಿಂದ ತಿಳಿಯುತ್ತದೆ. ಹುಟ್ಟು, ಬಾಲ್ಯ, ಯೌವನ, ಐಕ್ಯ ಎಂಬ ಏಕರೇಖೆಯ ಕಥೆಗೆ ಎಡೆಬಿಡದ ಹರಿವು ಆಧಾರ. ಎಡೆಬಿಡದ ಹರಿವಿಗೆ ಎಡೆಬಿಡದ ಮಳೆ ಆಧಾರ. ಟೆನಿಸನ್ನನ ಹಳ್ಳ ಆಡಿದ ಮಾತನ್ನು ಲೋಕಪಾವನಿ ಆಡಿದರೆ ಅದು ಸುಳ್ಳಾಗುತ್ತದೆ. ಇಲ್ಲಿ ಮನುಷ್ಯರೇ ನಿಲ್ಲುವವರು, ನೀರೇ ಬಂದು ಹೋಗುವುದು. ಇಂಗ್ಲಿಷಿನ ಭಾವಗೀತೆಯನ್ನು ಕನ್ನಡಕ್ಕೆ ಒಲಿಸಿಕೊಟ್ಟ ಬಿ. ಎಂ. ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ‘ಇಂಗ್ಲಿಷ್ ಗೀತಗಳು’ ತೆರೆದ ದಾರಿಯಲ್ಲಿ ನಡೆದ ಕವಿಗಳು ಛಂದಸ್ಸನ್ನೂ ಭಾವದ ನಯವನ್ನೂ ತಂದುಕೊಂಡರು. ಸಣ್ಣ ಹೊಳೆಯನ್ನು ಹೆಸರು ಹಿಡಿದು ಹಾಡುವ ಚಾಳಿಯು ಮಾತ್ರ ಆ ಮೂಟೆಯಲ್ಲಿ ಹೆಚ್ಚಾಗಿ ಬರಲಿಲ್ಲ. ಬಂದಿದ್ದರೂ ಹೊಳೆಯೇ ಅದಕ್ಕೆ ಒಗ್ಗುತ್ತಿತ್ತೋ ಇಲ್ಲವೋ.

ಇಷ್ಟರಿಂದ ದೋಷವೆಲ್ಲ ಹವಾಗುಣದ್ದು, ಕವಿಗಳು ನಿರಪರಾಧಿಗಳು ಎಂದು ತೀರ್ಮಾನಿಸುವುದು ಸುಲಭ, ಆದರೆ ಸರಿಯಲ್ಲ. ಇದಕ್ಕೆ ಪ್ರತಿಸಾಕ್ಷಿ ಕಾಳಿದಾಸನೇ. ಮೇಘದೂತದ ಮೋಡವು ಬರಿಯ ರೇವಾನದಿಯನ್ನು ದಾಟಿ ಸುಮ್ಮನಾಗುವುದಿಲ್ಲ. ನಿರ್ವಿಂಧ್ಯೆ, ಗಂಭೀರೆ ಮೊದಲಾದ, ಮಾಳವದ ಆಚೆಗೆ ಯಾರೂ ಲೆಕ್ಕಿಸದ ಹೊಳೆಗಳನ್ನು ಹೆಸರು ಹೇಳಿ ಮಾತನಾಡಿಸುತ್ತದೆ. ಬೇಸಗೆಯಲ್ಲಿ ಸೊರಗಿ ಒಂಟಿ ಜಡೆಯಷ್ಟು ತೆಳುವಾದ ನೀರನ್ನು ಕಂಡು ಕವಿಯು ಮುಖ ತಿರುಗಿಸಲಿಲ್ಲ. ಆ ತೆಳುವಿನಲ್ಲಿಯೇ ವಿರಹಿಣಿಯ ರೂಪವನ್ನು ಕಂಡನು. ಒಣಗುವ ಹೊಳೆಗೆ ಕಾವ್ಯದಲ್ಲಿ ಎಡೆಯುಂಟು, ಒಣಗುವುದೇ ಅದರ ರಸಕ್ಕೆ ಕಾರಣವಾಗಬಹುದು ಎಂಬುದಕ್ಕೆ ಇದಕ್ಕಿಂತ ಹಿರಿದಾದ ಪ್ರಮಾಣ ಬೇಡ. ಮೇಘದೂತವನ್ನು ಕಂಠಪಾಠ ಮಾಡಿದ ಪಂಡಿತರಿಗೆ ಮೇಲುಕೋಟೆಯಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ಕೊರತೆಯಿರಲಿಲ್ಲ. ಅವರು ನಿರ್ವಿಂಧ್ಯೆಯ ಶ್ಲೋಕವನ್ನು ವ್ಯಾಖ್ಯಾನಿಸಿದರು. ಊರ ಹೊರಗಿನ ಹೊಳೆಯನ್ನು ನಿರ್ವಿಂಧ್ಯೆಯೆಂದು ಭಾವಿಸಲಿಲ್ಲ. ಮಾದರಿಯಿದ್ದೂ ಬಳಸದಿರುವುದಕ್ಕೆ ಮಳೆಯನ್ನು ದೂರಲಾಗದು.

ಶ್ರೀರಂಗಪಟ್ಟಣದ ಆಸ್ಥಾನವನ್ನೇ ನೋಡಬಹುದು. ಗೋವಿಂದವೈದ್ಯನು 1648ರಲ್ಲಿ ಸಾಂಗತ್ಯದಲ್ಲಿ ರಚಿಸಿದ ಕಂಠೀರವ ನರಸರಾಜವಿಜಯವು ಕಣ್ಣಿನಿಂದ ಕಂಡದ್ದನ್ನು ಹೇಳುವ ಕಾವ್ಯಗಳಲ್ಲಿ ಮೇಲಾದುದು. ಪಟ್ಟಣದ ಬೀದಿ, ಅಂಗಡಿ, ಮಹಾನವಮಿಯ ಒಡ್ಡೋಲಗ ಇವುಗಳ ಮೇಲೆ ಕವಿಯ ದೃಷ್ಟಿ ನಿಂತಷ್ಟು ಕೋಟೆಯ ಆಚೆಗಿನ ಬಯಲಿನ ಮೇಲೆ ನಿಲ್ಲುವುದಿಲ್ಲ. ರಾಜನ ಕಾವ್ಯಕ್ಕೆ ರಾಜಧಾನಿಯೇ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಚಿಕುಪಾಧ್ಯಾಯ ಮೊದಲಾದವರಿಂದ ಪಶ್ಚಿಮರಂಗಮಾಹಾತ್ಮ್ಯ, ಯಾದವಗಿರಿಮಾಹಾತ್ಮ್ಯ ಮುಂತಾದ ಕ್ಷೇತ್ರಗ್ರಂಥಗಳು ಕನ್ನಡಕ್ಕೆ ಇಳಿದುವು. ಸ್ಥಳದ ಹೆಸರು, ತೀರ್ಥದ ಹೆಸರು, ಬೆಟ್ಟದ ಹೆಸರು ಇವುಗಳಿಗೆ ಸಾಹಿತ್ಯದಲ್ಲಿ ಮಾನ್ಯತೆ ಕೊಟ್ಟ ಪ್ರಕಾರವೆಂದರೆ ಮಾಹಾತ್ಮ್ಯವೇ. ಪ್ರೌಢಕಾವ್ಯದವರು ಅದನ್ನು ಕೀಳಾಗಿ ಕಂಡುದು ಅನ್ಯಾಯ. ಆದರೂ ಮಾಹಾತ್ಮ್ಯಕಾರನಿಗೆ ನೀರು ಬೇಕಾದುದು ಒಂದೇ ಕೆಲಸಕ್ಕೆ. ಮಿಂದರೆ ಯಾವ ಪಾಪ ಹೋಗುವುದು, ಯಾವ ಋಷಿಗೆ ಯಾವ ವರ ದೊರೆತುದು ಎಂಬುದನ್ನು ಹೇಳಿ ಮುಗಿಸಿದರೆ ತೀರಿತು. ನೀರು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದು ಆ ಪ್ರಕಾರದ ಪ್ರಶ್ನೆಯಲ್ಲ. ತೀರ್ಥವು ನಿಂತ ನೀರು. ಹೊಳೆಯು ನಡೆಯುವ ನೀರು. ಪಾವನಿ ಎಂದು ಹೆಸರಿಟ್ಟವರು ಈ ಹೊಳೆಯನ್ನು ತೀರ್ಥದ ವರ್ಗಕ್ಕೆ ಏರಿಸಿದರು, ಏರಿಸಿದೊಡನೆ ಅದರ ನಡೆಯನ್ನು ಮರೆತರು.

ಇಂಗ್ಲಿಷರ ಗದ್ಯದಲ್ಲಿ ಈ ಹೊಳೆ ಬರುವುದು ಯುದ್ಧದ ಮೂಲಕ. 1792ನೆಯ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲೀಸನ ದಂಡು ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ ಎಡದ ತುಕಡಿ ಕರಿಘಟ್ಟದ ಬೆಟ್ಟವನ್ನು ಹಿಡಿಯಿತು. ಮುಂದಿನ ವರ್ಷವೇ ಅಚ್ಚಾದ ಮೇಜರ್ ಡೈರಮನ ವೃತ್ತಾಂತದಲ್ಲಿ ಹೊಳೆಯ ಹೆಸರು ಅನ್ಯರ ನಾಲಗೆಯಲ್ಲಿ ಸವೆದು ಕಾಣಿಸಿಕೊಳ್ಳುತ್ತದೆ. ಸೇನಾಧಿಕಾರಿಯ ದೃಷ್ಟಿಗೆ ಅದು ಪಾಳೆಯದ ಒಂದು ಮಗ್ಗುಲು. ತೋಪುಗಳನ್ನು ದಾಟಿಸಬೇಕಾದ ತಗ್ಗು. ಆಶ್ಚರ್ಯವೆಂದರೆ, ದಡವೆಲ್ಲಿ, ಬೆಟ್ಟವೆಲ್ಲಿ, ಬೇಲಿಯೆಲ್ಲಿ ಎಂದು ಕೇಳುವ ಈ ಶತ್ರುದೃಷ್ಟಿಯೇ ಹೊಳೆಯನ್ನು ನೆಲದ ಮೇಲಿಟ್ಟು ನೋಡಿತು. ಎಂಟು ವರ್ಷಗಳ ಅನಂತರ, 1800ರಲ್ಲಿ, ಬುಕಾನನ್ನನು ಇದೇ ಸೀಮೆಯಲ್ಲಿ ಸಂಚರಿಸಿ ತೊಣ್ಣೂರಿನ ಕೆರೆ, ಎರಡು ಬೆಟ್ಟಗಳ ನಡುವಣ ಅದರ ಏರಿ, ಅದಕ್ಕೆ ನೀರು ತರುವ ಯಾದವಾನದಿ ಇವುಗಳನ್ನು ವಿಚಾರಿಸಿ ಬರೆದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಒಣ ಗದ್ಯ, ಕಂದಾಯದ ಲೆಕ್ಕದ ವಾಸನೆಯುಳ್ಳದ್ದು. ಆದರೆ ಆ ಪುಟಗಳನ್ನು ಓದಿದವರಿಗೆ ನೀರಿನ ದಾರಿ ತಿಳಿಯುತ್ತದೆ. ಒಂದು ಚಂಪೂಕಾವ್ಯದ ಜಲಕ್ರೀಡೆಯ ಆಶ್ವಾಸವನ್ನು ಓದಿದವರಿಗೆ ಅದು ತಿಳಿಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮನಾದ ಬರವಣಿಗೆಯೇ ಇಲ್ಲವೆ ಎಂದರೆ, ಇದೆ. ಹುಡುಕಬೇಕಾದ ಸ್ಥಳ ಮಾತ್ರ ಕಾವ್ಯವಲ್ಲ, ಶಾಸನ. ರೈಸರು 1894ರಲ್ಲಿಯೂ 1898ರಲ್ಲಿಯೂ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಮತ್ತು ನಾಲ್ಕನೆಯ ಸಂಪುಟಗಳಲ್ಲಿ ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳ ಶಾಸನಗಳು ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1970ರ ದಶಕದಲ್ಲಿ ಇವನ್ನು ಪರಿಷ್ಕರಿಸಿ ಹೊಸ ಪಾಠಗಳೊಡನೆ ಹೊರತಂದಿದೆ. ಸಾಹಿತ್ಯದ ಅಧ್ಯಾಪಕರು ಈ ಸಂಪುಟಗಳನ್ನು ತೆರೆಯುವುದು ಪ್ರಾಯಶಃ ಆರಂಭದ ಸ್ತುತಿಪದ್ಯಗಳಿಗಾಗಿ, ವಂಶವರ್ಣನೆಯ ವೃತ್ತಗಳಿಗಾಗಿ. ಅಲ್ಲಿ ಗಂಗೆಯೂ ಕ್ಷೀರಸಾಗರವೂ ಯಥೇಚ್ಛವಾಗಿ ಹರಿಯುತ್ತವೆ. ಪದ್ಯ ಮುಗಿದು ದತ್ತಿಯ ಗದ್ಯ ತೊಡಗುವಲ್ಲಿಯೇ ಓದುಗರು ಪುಟ ಮಗುಚುವುದು ವಾಡಿಕೆ. ನಿಜವಾಗಿ ನೀರು ಹರಿಯತೊಡಗುವುದು ಅಲ್ಲಿಂದ.

ದತ್ತಿಯ ಭೂಮಿಯ ಎಲ್ಲೆಯನ್ನು ದಿಕ್ಕುದಿಕ್ಕಾಗಿ ಸುತ್ತಿ ಹೇಳುವುದು ಶಾಸನಗಳ ಕ್ರಮ. ಮೂಡಲು ಹಳ್ಳ, ತೆಂಕಲು ನಟ್ಟ ಕಲ್ಲು, ಹುತ್ತ, ಹುಣಿಸೆಯ ಮರ, ಮೊರಡಿ, ಕೆರೆಯ ಕೋಡಿ ಎಂದು ಸಾಗುವ ಆ ಪ್ರದಕ್ಷಿಣೆಯಲ್ಲಿ ಲೇಖಕನ ಕಾಲು ನೆಲವನ್ನು ಬಿಡುವುದಿಲ್ಲ. ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ. ಕೆರೆಯ ಪಾಲನೆಗೆ ಸಲ್ಲುವುದು ಬಿತ್ತುವಟ್ಟ. ಗದ್ದೆಯ ಅಳತೆಯನ್ನು ಹೇಳುವಾಗಲೂ ಎಷ್ಟು ಕೋಲು ಎಂದು ಮಾತ್ರ ಹೇಳದೆ ಎಷ್ಟು ಸಲಗೆ, ಎಷ್ಟು ಖಂಡುಗ ಬಿತ್ತನೆಯ ಭೂಮಿ ಎಂದು ಹೇಳುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಭೂಮಿಯನ್ನು ಬೀಜದಿಂದ ಅಳೆದರು. ಆ ಬೀಜವನ್ನು ತಾಳುವಷ್ಟು ನೀರು ಆ ಕೆರೆಯಲ್ಲಿ ಇದೆಯೆಂಬ ಭರವಸೆ ಆ ಅಳತೆಯ ಹಿಂದಿದೆ. ಹೀಗೆ ಹೊಳೆಯ ಶಕ್ತಿಯೇ ಖಂಡುಗವಾಗಿ ಕಲ್ಲಿನ ಮೇಲೆ ನಿಂತಿತು. ಡಡನ್ನಿನ ಕವಿ ಹೊಳೆಯನ್ನು ಅದರ ಉದ್ದಕ್ಕೆ ಓದಿದನು. ಶಾಸನದ ಲೇಖಕ ಅಡ್ಡಲಾಗಿ ಓದಿದನು, ಒಂದು ಊರಿನ ಎಲ್ಲೆಯಿಂದ ಇನ್ನೊಂದು ಊರಿನ ಎಲ್ಲೆಗೆ. ಮೇಲಿನ ಊರಿನ ಶಾಸನದಲ್ಲಿ ಪಡುವಣ ಎಲ್ಲೆಯಾದ ಹಳ್ಳವು ಆಚೆ ದಡದ ಊರಿಗೆ ಮೂಡಣ ಎಲ್ಲೆ. ಇಂಥ ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ತಾಳ್ಮೆಯಿದ್ದವರಿಗೆ, ಯಾವ ಒಬ್ಬ ಕವಿಯೂ ಬರೆಯದ, ಹಲವು ತಲೆಮಾರಿನ ಲೇಖಕರು ಸೇರಿ ಅರಿಯದೆಯೇ ಬರೆದ ನದೀಚರಿತ್ರೆಯೊಂದು ಕೈಗೆ ದೊರೆಯುತ್ತದೆ. ಅದರಲ್ಲಿ ಅಲಂಕಾರವಿಲ್ಲವೆಂದು ಆಕ್ಷೇಪಿಸುವವರು, ಅಲಂಕಾರವಿದ್ದೆಡೆಯಲ್ಲಿ ಹೊಳೆ ಇರಲಿಲ್ಲವೆಂಬುದನ್ನು ಮರೆಯಬಾರದು.

ಜನಪದವೂ ಇದೇ ಕಡೆಗೆ ನಿಲ್ಲುತ್ತದೆ. ಕನ್ನಡದ ಕಥನಗೀತಗಳಲ್ಲಿ ಎಲ್ಲರ ಮನಸ್ಸನ್ನೂ ಕಲಕಿದ ‘ಕೆರೆಗೆ ಹಾರ’ದ ವಸ್ತು ಕೆರೆ, ಹೊಳೆಯಲ್ಲ. ನೀರು ನಿಲ್ಲದ ನೆಲದಲ್ಲಿ ನೀರನ್ನು ನಿಲ್ಲಿಸುವುದಕ್ಕೆ ತೆತ್ತ ಬೆಲೆಯೇ ಆ ಹಾಡಿನ ದುರಂತ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯಲ್ಲಿಯೂ (1942) ದಾಂಪತ್ಯದ ಚೆಲುವಿಗೆ ಒದಗಿಬಂದುದು ಕೆರೆಯ ನೀರೂ ಅದರ ತಾವರೆಯೂ. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರ ‘ಮಲೆದೇಗುಲ’ದ (1947) ದೃಷ್ಟಿ ಸಹಜವಾಗಿಯೇ ಮೇಲ್ಮುಖವಾದುದು, ಬೆಟ್ಟದ ಮೇಲೆ ದೇವರಿರುವಾಗ ಬುಡದ ಹೊಳೆಯನ್ನು ನೋಡೆಂದು ಕವಿಯನ್ನು ಒತ್ತಾಯಿಸುವುದು ವಿಮರ್ಶೆಯ ಧರ್ಮವಲ್ಲ.

ಇದೇ ಸೀಮೆಯ ಇನ್ನೊಂದು ಅಂಚಿನಲ್ಲಿ ಹೇಮಾವತಿಯ ಭಾಗ್ಯ ಬೇರೆಯಾಯಿತು. ಮೂಡಿಗೆರೆಯ ಮಲೆಯಲ್ಲಿ ಹುಟ್ಟಿ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ಬಳಿ ಕಟ್ಟೆಯನ್ನು ಹಾಯ್ದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಈ ನದಿಗೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಂಥ ಗದ್ಯಲೇಖಕರು ದೊರೆತರು. 1930ರ ‘ಹಳ್ಳಿಯ ಚಿತ್ರಗಳು’ ಮೊದಲುಗೊಂಡು ಅವರ ಪುಟಗಳಲ್ಲಿ ಹೇಮಾವತಿಯು ದೇವತೆಯಾಗಿ ಬರುವುದಕ್ಕಿಂತ ನೆರೆಯವಳಾಗಿ ಬರುವುದು ಹೆಚ್ಚು; ದಾಟಬೇಕಾದ, ಈಜಬೇಕಾದ, ಪ್ರವಾಹ ಬಂದರೆ ಹೆದರಬೇಕಾದ, ಬೇಸರವಾದರೆ ದಡದಲ್ಲಿ ಕುಳಿತು ಹರಟಬೇಕಾದ ನೀರು. ಹೇಮಗಿರಿಗೆ ದೂರವಲ್ಲದ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಲಲಿತಪ್ರಬಂಧಕ್ಕೆ ಹೆಸರಾದುದೂ ಬರಿಯ ಆಕಸ್ಮಿಕವೆನ್ನಲಾಗದು; ಹೊಳೆಯ ದಡದ ಬಿಡುವು ಆ ಪ್ರಕಾರಕ್ಕೆ ಹೊಂದುತ್ತದೆ. ಗಮನಿಸತಕ್ಕುದು ಇಷ್ಟು: ಹೇಮಾವತಿಯನ್ನು ಸಾಹಿತ್ಯಕ್ಕೆ ತಂದುದು ಛಂದಸ್ಸಲ್ಲ, ಗದ್ಯ, ಅದರಲ್ಲಿಯೂ ಹರಟೆಯ ಗದ್ಯ. ಆದರೆ ಹೇಮಾವತಿ ಮಲೆನಾಡಿನ ಮಳೆಯನ್ನು ಹೊತ್ತು ಬರುವವಳು, ಹರಿವಿನಿಂದಲೇ ತನ್ನನ್ನು ಗುರುತಿಸಿಕೊಳ್ಳಬಲ್ಲವಳು. ಲೋಕಪಾವನಿಗೂ, ನಾಗಮಂಗಲದ ನೆಲದಲ್ಲಿಯೇ ಹರಿಯುವ ವೀರವೈಷ್ಣವಿಗೂ ಆ ಸೌಲಭ್ಯವಿಲ್ಲ.

ಅವುಗಳನ್ನು ಬರೆಯುವವರು ನೀರಿಲ್ಲದ ತಿಂಗಳುಗಳನ್ನೂ ಬರೆಯಬಲ್ಲವರಾಗಿರಬೇಕು. ‘ಪಾತ್ರ’ ಎಂಬ ಶಬ್ದಕ್ಕೆ ಹೊಳೆ ಹರಿಯುವ ತಗ್ಗು ಎಂದೂ ಅರ್ಥ, ನಾಟಕದಲ್ಲಿ ವೇಷಧಾರಿ ಎಂದೂ ಅರ್ಥ. ಎರಡನೆಯ ಅರ್ಥದ ಪಾತ್ರವು ರಂಗದಿಂದ ನಿಷ್ಕ್ರಮಿಸಿದ ಮೇಲೂ ನಾಟಕದಲ್ಲಿ ಉಳಿದಿರುತ್ತದೆ, ಮೊದಲನೆಯದೂ ಹಾಗೆಯೇ. ಸಾಮಗ್ರಿಗೇನೂ ಕೊರತೆಯಿಲ್ಲ: ಶಾಸನದ ಎಲ್ಲೆಗಳಿವೆ, ಕೆರೆಗಳ ಹೆಸರುಗಳಿವೆ, ಯಾವ ತೂಬನ್ನು ಯಾವ ಹೊತ್ತಿನಲ್ಲಿ ಎತ್ತಬೇಕೆಂಬ ನೀರುಗಂಟಿಗಳ ಕಟ್ಟಳೆಗಳಿವೆ. ಶಾಲೆಯಲ್ಲಿ ‘ನದಿಯ ಆತ್ಮಕಥೆ’ಯನ್ನು ಬರೆಯಿಸುವ ಉಪಾಧ್ಯಾಯರು ಒಂದು ಸಲ ಮಕ್ಕಳನ್ನು ಊರ ಕೆರೆಯ ಕೋಡಿಯ ಬಳಿಗೆ ಕರೆದುಕೊಂಡು ಹೋಗಿ, ಇಲ್ಲಿಂದ ಹೊರಟ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆಂದು ಕೇಳಿದರೆ, ಮೊದಲನೆಯ ಉತ್ತರ ಅಲ್ಲಿಯೇ ಯಾವನಾದರೂ ಒಕ್ಕಲ ಹುಡುಗನ ಬಾಯಿಂದ ಬರುತ್ತದೆ.